ನಾನು ಕೊಟ್ಟ ಮೊದಲ ಅವಾರ್ಡು

ಮೊನ್ನೆ ಮಕ್ಕಳ ಚಿತ್ರಸ್ಪರ್ಧೆಯ ಮೊದಲ ಬಹುಮಾನವನ್ನು ಡ್ರಾಯಿಂಗ್ ಮೇಷ್ಟ್ರಿಗೇ ಕೊಟ್ಟುಬಿಟ್ಟೆ. ಅದೂ ಮೈಕಿನಲ್ಲಿ, ಇಡೀ ಅಪಾರ್ಟ್‌ಮೆಂಟಿನ ಎದುರು.

ಕೋಲ್ಕತ್ತಾದಲ್ಲಿ ದುರ್ಗಾಪೂಜೆ ಬಂತೆಂದರೆ ಮಕ್ಕಳನ್ನು ಪೆಂಡಾಲಿನ ಹತ್ತಿರ ನೆಲದ ಮೇಲೆ ಕೂರಿಸಿ ಚಿತ್ರ ಬರೆಸುತ್ತಾರೆ. ನಮ್ಮ ನ್ಯೂ ಟೌನ್ ಕಾಂಪ್ಲೆಕ್ಸಿನಲ್ಲಿ ಈ ಸಲ ನಾನೇ ಜಡ್ಜು. (ಅರ್ಹತೆ? ಆಫೀಸಿನಲ್ಲಿ ಪಿಪಿಟಿಗೆ ಬಣ್ಣ ಹಚ್ಚುತ್ತೇನೆ.) ಚಿತ್ರಗಳನ್ನು ಹಗ್ಗಕ್ಕೆ ಕ್ಲಿಪ್ ಹಾಕಿ ನೇತುಹಾಕಿದ್ದರು. ನನ್ನ ಕೈಯಲ್ಲಿ ಲುಚಿ, ಅಂದರೆ ಬಂಗಾಳದ ಮೈದಾ ಪೂರಿ, ಜೊತೆಗೆ ಆಲೂಗಡ್ಡೆ ಪಲ್ಯ. ಕುರ್ಚಿ ಬಿಟ್ಟೇಳದೆ ತುದಿಯಲ್ಲಿದ್ದ ಚೆಂದದ ದುರ್ಗೆಯತ್ತ ಬೆರಳು ತೋರಿಸಿ, ಮೊದಲ ಬಹುಮಾನ ಅದಕ್ಕೇ ಎಂದು ಮೈಕಿನಲ್ಲಿ ಹೇಳಿಬಿಟ್ಟೆ.

ಬಹುಮಾನಕ್ಕೆ ಯಾರೂ ಬರಲಿಲ್ಲ. ಕೊನೆಗೆ ತಲೆ ನರೆತ ಡ್ರಾಯಿಂಗ್ ಮೇಷ್ಟ್ರು ಎದ್ದು, ಅದು ಮಕ್ಕಳಿಗೆ ಮಾದರಿಯೆಂದು ತಾವು ಬರೆದದ್ದು ಎಂದರು. ಜನ ನಕ್ಕ ಸದ್ದು ಹೌರಾದಾಚೆಗೂ ಕೇಳಿರಬೇಕು.

ಪೆಂಡಾಲಿನ ಹಿಂದೆ ಹೋಗಿ ಅವಿತುಕೊಂಡೆ. ಮಾನ ಹೋದಾಗ ನಮ್ಮ ವಯಸ್ಸಿನವರು ಏನು ಮಾಡುತ್ತೇವೆ? ಮೊಬೈಲ್ ತೆಗೆಯುತ್ತೇವೆ. ಅವಾರ್ಡ್ ಅಂದರೇನು ಎಂದು ಹುಡುಕಿದೆ. ಹಳೆಯ ಫ್ರೆಂಚಿನಿಂದ ಬಂದ ಪದವಂತೆ. ಅದರ ಬೇರಿನಲ್ಲಿ ಕಪ್ಪೂ ಇಲ್ಲ, ಶಾಲೂ ಇಲ್ಲ, ಇರುವುದು 'ಗಮನವಿಟ್ಟು ನೋಡು' ಎಂಬ ಅರ್ಥ. ಹಾಗೆ ನೋಡಿ ಕೊಟ್ಟ ತೀರ್ಪೇ ಅವಾರ್ಡು, ಬಹುಮಾನವಾದದ್ದು ಆಮೇಲೆ. ವಕೀಲರು ಈಗಲೂ ಮಧ್ಯಸ್ಥರ ತೀರ್ಪನ್ನು ಅವಾರ್ಡ್ ಎನ್ನುತ್ತಾರೆ. ನಾನು ಗಮನವಿಟ್ಟು ನೋಡಿದ್ದು ಏನನ್ನು? ಆಲೂಗಡ್ಡೆಯನ್ನು.

ತಲೆ ಎತ್ತಿದರೆ ಎದುರಿಗೆ ದುರ್ಗೆಯ ಬೆನ್ನು. ಬಿದಿರು, ಹುಲ್ಲು, ಬಣ್ಣ ಕಾಣದ ಮಣ್ಣು. ಇದನ್ನು ಆಗಲೇ ಎಲ್ಲೋ ನೋಡಿದ್ದೆನಲ್ಲ? ಹೌದು, ಹಗ್ಗದ ಮೇಲಿನ ಒಂದು ಚಿತ್ರದಲ್ಲಿ. ಯಾರೋ ಅರ್ಧಕ್ಕೆ ಬಿಟ್ಟಿದ್ದಾರೆಂದು ಕಣ್ಣು ಮುಂದಕ್ಕೆ ಹಾಯಿಸಿದ್ದೆ. ಬರೆದ ಮಗು, ಪಾಪ, ಸಪ್ಪೆ ಮುಖ ಹಾಕಿಕೊಂಡು ಮನೆಗೆ ಹೋಗಿಬಿಟ್ಟರೆ?

ಓಡಿದೆ. ಈ ಸಲ ಒಂದೊಂದನ್ನೂ ಮೂಗು ತಾಗುವಷ್ಟು ಹತ್ತಿರದಿಂದ ನೋಡಿದೆ. ಎಲ್ಲರದೂ ಮುಂದಿನ ದುರ್ಗೆ, ಇದೊಂದೇ ಹಿಂದಿನದು. ಹುಲ್ಲಿಗೆ ಬಿಗಿದ ದಾರವನ್ನೂ ಬಿಟ್ಟಿರಲಿಲ್ಲ. ಮಗುಚಿ ಹೆಸರು ನೋಡಿದರೆ ಅನಘಾ, ನಮ್ಮದೇ ಮಹಡಿಯ ಹುಬ್ಬಳ್ಳಿಯವರ ಮಗಳು. ಕೆಟ್ಟೆ. ಕನ್ನಡದವನು ಕನ್ನಡದವಳಿಗೇ ಕೊಟ್ಟ ಎಂದು ಜನ ಅನ್ನುವುದಿಲ್ಲವೇ?

ಚಿತ್ರವನ್ನು ಮೇಷ್ಟ್ರ ಕೈಗಿಟ್ಟೆ. ಅವರು ಕನ್ನಡಕ ಏರಿಸಿ ತುಂಬ ಹೊತ್ತು ನೋಡಿದರು. ಇಷ್ಟು ವರ್ಷ ದೇವಿಯನ್ನು ಮುಂದಿನಿಂದ ಮಾತ್ರ ಕಲಿಸಿದೆನಲ್ಲ ಎಂದು ಹಿಂದಿಯಲ್ಲಿ ಗೊಣಗಿ, ತಾವೇ ಮೈಕ್ ಹಿಡಿದು ಅವಳ ಹೆಸರು ಕೂಗಿದರು. ತಡವಾಗಿ ಬಂದವಳಿಗೆ ಮುಂದೆ ಜಾಗ ಸಿಗದೆ ಮೂರ್ತಿಯ ಹಿಂದೆ ಕೂತಿದ್ದಳಂತೆ. ಚಪ್ಪಾಳೆ ಬಿದ್ದದ್ದು ಅವಳಿಗೆ, ಎದೆ ಉಬ್ಬಿದ್ದು ನನ್ನದು. (ಅವಳಪ್ಪನಿಗಿಂತ ಜಾಸ್ತಿ ಫೋಟೋ ತೆಗೆದವನೂ ನಾನೇ.)

ಕಪ್ ಹಿಡಿದು ಸೀದಾ ನನ್ನ ಹತ್ತಿರ ಬಂದವಳು ಮೆಲ್ಲಗೆ ಹೇಳಿದಳು: "ಕಾಕಾ, ನೆಕ್ಸ್ಟ್ ಟೈಮ್ ಮೊದ್ಲು ಚಿತ್ರ ನೋಡ್ರಿ. ಲುಚಿ ಆಮ್ಯಾಲೆ."