ಮಾವನವರ ಕಂದಾಯದ ರಸೀದಿ

ರುಮಾಲಿನ ಸುತ್ತು ಬಿಚ್ಚಿ ಅವನು ನನ್ನ ಮೇಜಿನ ಮೇಲಿಟ್ಟದ್ದು ಒಂದು ಕಂದಾಯದ ರಸೀದಿ. ಅದರಲ್ಲಿದ್ದ ಹೆಸರು ನನ್ನ ಮಾವನವರದ್ದು!

ಸ್ವಾತಂತ್ರ್ಯ ಬಂದ ಮೇಲೆ ಮೊನ್ನೆ ನಡೆದ ಮೊದಲ ಚುನಾವಣೆಗೆ ನನ್ನನ್ನು ಹೊಸನಗರದ ಕಡೆಯ ಹಳ್ಳಿಯೊಂದಕ್ಕೆ ಪೋಲಿಂಗ್ ಆಫೀಸರ್ ಮಾಡಿ ಕಳಿಸಿದ್ದರು. (ಮೇಷ್ಟ್ರುಗಳಿಗೆ ಇಂಥದ್ದೆಲ್ಲ ತಪ್ಪಿದ್ದಲ್ಲ.) ಅದು ನನ್ನ ಹೆಂಡತಿಯ ತವರೂರು. ಪರದೆಯ ಹಿಂದೆ ಒಬ್ಬೊಬ್ಬ ಅಭ್ಯರ್ಥಿಗೂ ಒಂದೊಂದು ಪೆಟ್ಟಿಗೆ ಇಟ್ಟಿದ್ದೆವು. ಎದುರಿಗೆ ನಿಂತವನು ತಿಮ್ಮನಾಯ್ಕ, ಮಾವನವರ ಗದ್ದೆಯನ್ನು ಮೂವತ್ತು ವರ್ಷದಿಂದ ಗೇಣಿಗೆ ಮಾಡುವವನು.

“ಇದೆಂತಕ್ಕೆ ತಂದ್ಯೋ?” ಎಂದೆ.

“ಓಟಿಗೆ, ಅಯ್ಯಾ. ಕಂದಾಯ ಕಟ್ಟೋರಿಗೆ ಮಾತ್ರ ಓಟಲ್ವಾ? ಒಡೇರು ಇವತ್ತೊಂದಿನಕ್ಕೆ ಕೊಟ್ಟಿದಾರೆ. ಅವ್ರು ಹೇಳಿದ ಪೆಟ್ಟಿಗೆಗೇ ಹಾಕ್ಬೇಕಂತೆ.”

ನಗುವ ಹಾಗಿರಲಿಲ್ಲ. ಪಾಪ, ಅವನು ಕಂಡ ಕಾನೂನೇ ಅದು. ಬ್ರಿಟಿಷರು ಹತ್ತೊಂಬತ್ತರಲ್ಲಿ ಒಂದು ಆಕ್ಟ್ ತಂದರು, ಮೂವತ್ತೈದರಲ್ಲಿ ಇನ್ನೊಂದು. ಓಟು ಯಾರಿಗೆ? ಆಸ್ತಿ ಇದ್ದವರಿಗೆ, ತೆರಿಗೆ ಕಟ್ಟಿದವರಿಗೆ, ಓದಿದವರಿಗೆ. ನಮ್ಮ ಮೈಸೂರು ಸೀಮೆಯ ಪ್ರಜಾಪ್ರತಿನಿಧಿ ಸಭೆಯ ಕಥೆಯೂ ಹೆಚ್ಚುಕಡಿಮೆ ಅದೇ. ಇವನ್ನೆಲ್ಲ ‘ಸುಧಾರಣೆಗಳು’ ಎಂದು ಕ್ಲಾಸಿನಲ್ಲಿ ಬಾಯಿಪಾಠ ಮಾಡಿಸಿದವನು ನಾನೇ. ಯಾರಿಗೆ ಸುಧಾರಣೆ ಸಾರ್ ಎಂದು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಈಗ ನಾಚಿಕೆಯಾಯಿತು.

ಆದರೆ ಮಾವನವರು? ದಿನಾ ಪೇಪರ್ ಓದುವ ಮನುಷ್ಯ. ಇಪ್ಪತ್ತೊಂದು ತುಂಬಿದ ಎಲ್ಲರಿಗೂ ಓಟು ಎಂಬ ಹೊಸ ಕಾನೂನು ಅವರಿಗೆ ಗೊತ್ತಿರಲಿಲ್ಲ ಎಂದರೆ ನೀವು ನಂಬುತ್ತೀರಾ?

“ಈಗ ರಸೀದಿ ಬೇಡ ತಿಮ್ಮಾ. ಪಟ್ಟೀಲಿ ನಿನ್ನ ಹೆಸರೇ ಇದೆ.”

“ಒಡೇರಿಗೆ ಎಷ್ಟು ಓಟು?”

“ಒಂದು.”

“ನಂಗೆ?”

“ನಿಂಗೂ ಒಂದು.”

ಬೆರಳಿಗೆ ಶಾಯಿ ಹಚ್ಚಿಸಿಕೊಂಡು, ಚೀಟಿ ಹಿಡಿದು, ಅಲ್ಲೇ ನಿಂತ. ಆಮೇಲೆ ದನಿ ತಗ್ಗಿಸಿದ. “ಯಾವ ಪೆಟ್ಟಿಗೆಗೆ ಹಾಕ್ದೆ ಅಂತ ಒಡೇರಿಗೆ ಗೊತ್ತಾಗ್ತದಾ? ಗದ್ದೆ ಬಿಡಿಸಿದ್ರೆ ನಮ್ಮ ಮನೆ ಮಂದಿ ಎಂತ ತಿನ್ಬೇಕು?”

“ದೇವರಾಣೆಗೂ ಗೊತ್ತಾಗಲ್ಲ ಮಾರಾಯ.”

“ಹಂಗಾದ್ರೆ ಇದನ್ನ ನೀವೇ ಅವ್ರಿಗೆ ಕೊಟ್ಬಿಡಿ.” ರಸೀದಿಯನ್ನು ನನ್ನ ಕಡೆ ಸರಿಸಿ, ತಿರುಗಿ ನೋಡದೆ ಪರದೆಯ ಹಿಂದೆ ಹೋದ.

ಸಂಜೆ ಮಾವನವರ ಮನೆಯಲ್ಲೇ ಊಟ. ಪಾಯಸ ಬೇರೆ! ನಾನು ಎರಡು ತುತ್ತು ಉಣ್ಣುವುದರೊಳಗೆ ಅವರು ಮೆತ್ತಗೆ ಕೇಳಿದರು. “ಅಲ್ಲ ಅಳಿಯಂದ್ರೇ, ನಮ್ಮ ತಿಮ್ಮ ಯಾವ ಪೆಟ್ಟಿಗೆಗೆ ಹಾಕ್ದ? ನೀವು ಅಲ್ಲೇ ಇದ್ರಲ್ಲ.”

ಮದುವೆಯಾಗಿ ಹದಿನೈದು ವರ್ಷ. ಒಮ್ಮೆಯೂ ಅವರಿಗೆ ಎದುರು ಮಾತಾಡಿದವನಲ್ಲ. ಎಡಗೈಯಿಂದ ಜೇಬಿನ ರಸೀದಿ ತೆಗೆದು ಅವರ ಎಲೆಯ ಪಕ್ಕದಲ್ಲಿಟ್ಟೆ.

“ಇದು ನಿಮ್ಮದು, ತಗೊಳ್ಳಿ ಮಾವ. ಓಟು ಅವನದ್ದು.”