ಫೋರ್-ಫೋರ್-ಟೂ ಕಾರಿನ ಹಿಂದಿನ ಸೀಟು

ನಿಮ್ಮ ಅಜ್ಜ ತೀರಿಕೊಂಡ ಎರಡನೇ ವರ್ಷ ನಾನು ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನ ಒಂದು ಗ್ಯಾರೇಜಿನಲ್ಲಿ ಸೀಟು ಹೊಲಿಯುವ ಕೆಲಸಕ್ಕೆ ಸೇರಿದೆ. ಹಳೆಯ ಕಾರುಗಳನ್ನು ಮೊದಲಿದ್ದಂತೆ ಮಾಡಿಕೊಡುವ ಗ್ಯಾರೇಜು ಅದು. ಹೆಂಗಸು ನಾನೊಬ್ಬಳೇ. ಕೇಳಿದ್ದಕ್ಕೆ ತಲೆಯಾಡಿಸುವುದು ಬಿಟ್ಟರೆ ನನ್ನ ಬಾಯಿಂದ ಮಾತು ಹೊರಡುತ್ತಿರಲಿಲ್ಲ.

ಸೇರಿದ ಮೂರನೇ ವರ್ಷ, ಮಿರ್ದಿಫ್‌ನ ಅರಬರೊಬ್ಬರು 1964ರ ಅಮೆರಿಕನ್ ಕಾರೊಂದನ್ನು ತಂದರು. ಬದಿಯಲ್ಲಿ 4-4-2 ಎಂದಿತ್ತು. ನಾನು ಅದನ್ನೇ ನೋಡುತ್ತಿರುವುದನ್ನು ಕಂಡು ಫೋರ್‌ಮನ್ ಹಮೀದಾಕ ನಕ್ಕರು. ಅವರು ಉಳ್ಳಾಲದ ಬ್ಯಾರಿ ಮುಸ್ಲಿಮರು, ನನ್ನನ್ನು ಬಾಯಮ್ಮ ಎಂದೇ ಕರೆಯುತ್ತಿದ್ದರು.

"ಎಂತ ಬಾಯಮ್ಮ, ಮಗ್ಗಿ ಬಾಯಿಪಾಠ ಮಾಡುದಾ? ನಾಲ್ಕು ಬ್ಯಾರಲ್ ಕಾರ್ಬ್ಯುರೇಟರ್, ನಾಲ್ಕು ಗೇರ್, ಎರಡು ಸೈಲೆನ್ಸರ್. ಒಳಗೆ ಎಂತ ಉಂಟೋ ಅದನ್ನೇ ಹೆಸರು ಇಟ್ಟದ್ದು."

ಕಾರ್ಬ್ಯುರೇಟರ್ ಎಂದರೆ ಪೆಟ್ರೋಲಿಗೆ ಗಾಳಿ ಬೆರೆಸುವ ಭಾಗ. ನಾಲ್ಕು ಬಾಯಿ ಇದ್ದರೆ ಎಂಜಿನ್ನಿಗೆ ಬಲ ಹೆಚ್ಚು. ಆದರೆ ಸಾಧಾರಣ ಕಾರಿಗೂ ಇವನ್ನೆಲ್ಲ ಆಮೇಲೆ ಜೋಡಿಸಿ ಅದೇ ಅಂಕಿ ಅಂಟಿಸಬಹುದು. ಹಾಗಾಗಿ ಹುಟ್ಟಿನಿಂದಲೇ 4-4-2 ಎಂಬುದಕ್ಕೆ ಪುರಾವೆ ಬೇಕು.

ಹಿಂದಿನ ಸೀಟು ಬಿಚ್ಚಿದಾಗ ಸ್ಪ್ರಿಂಗುಗಳ ನಡುವೆ ಮಡಚಿದ ಕಾಗದವೊಂದು ಸಿಕ್ಕಿತು. ಕಂದು ಬಣ್ಣ, ಇಲಿ ಕಡಿದ ಅಂಚು, ಸಾಲು ಸಾಲು ಅಂಕಿ. ಸಂಜೆ ಹಳೆಯ ಹತ್ತಿ, ನಾರು ಎಲ್ಲ ಗುಡಿಸಿ ಚೀಲಕ್ಕೆ ತುಂಬುವುದು ನಮ್ಮ ಪದ್ಧತಿ. ಕಾಗದವನ್ನೂ ತುಂಬಿದೆ. ಚೀಲವನ್ನು ಕಸದ ಲಾರಿ ಒಯ್ದಿತು.

ಮರುವಾರ ಅರಬರು ತಜ್ಞರೊಬ್ಬರನ್ನು ಕರೆತಂದರು. ತಜ್ಞರು ಮೊದಲು ಕೇಳಿದ್ದೇ ಆ ಕಾಗದವನ್ನು. ಯಾವ ಕಾರಿಗೆ ಏನೇನು ಜೋಡಿಸಬೇಕೆಂದು ಕಾರ್ಖಾನೆಯಲ್ಲಿ ಬರೆದ ಬಿಲ್ಡ್ ಶೀಟ್ ಅದು. ಅಲ್ಲಿನ ಕೆಲಸಗಾರರು ಸೀಟಿನೊಳಗೇ ಬಿಟ್ಟುಬಿಡುತ್ತಿದ್ದರಂತೆ. ಅಸಲಿ ಗೇರ್‌ಬಾಕ್ಸ್ ಬದಲಿಸಿ ಪುರಾವೆಯನ್ನೂ ಮಾಯ ಮಾಡಿದ್ದೀರಿ ಎಂದು ಅರಬರು ಕೆರಳಿದರು.

"ಸೀಟು ಬಿಚ್ಚಿದ್ದು ಯಾರು?" ಮ್ಯಾನೇಜರು ಗುಡುಗಿದರು.

ಕೆಲಸ ಹೋದರೆ ವೀಸಾ ಹೋಗುತ್ತದೆ. ನಿಮ್ಮ ಅಪ್ಪ ಆಗಿನ್ನೂ ಓದುತ್ತಿದ್ದ. ಹಮೀದಾಕ ಒಮ್ಮೆ ನನ್ನ ಮುಖ ನೋಡಿದರು.

"ನಾನೇ ಬಿಚ್ಚಿದ್ದು," ಎಂದರು.

ಹೊರಗೆ ಬಂದ ಮೇಲೆ ನನಗೇ ಸಮಾಧಾನ ಹೇಳಿದರು. "ಅಳುದೆಂತಕ್ಕೆ ಬಾಯಮ್ಮ? ನಾಲ್ಕು ಬೈದು ಬಿಡ್ತಾರೆ. ಹದಿನೆಂಟು ವರ್ಷ ಆಯ್ತು ನಾನಿಲ್ಲಿ."

ಬೈದು ಬಿಡಲಿಲ್ಲ. ಅವರ ವೀಸಾ ರದ್ದು ಮಾಡಿದರು. ಮೂರನೇ ದಿನ ನಾನು ಧೈರ್ಯ ಮಾಡಿ ಮ್ಯಾನೇಜರ ಬಾಗಿಲು ತಟ್ಟಿ, ಹರಕು ಹಿಂದಿಯಲ್ಲಿ ಎಲ್ಲವನ್ನೂ ಹೇಳಿದೆ. ಅವರು ಫೈಲಿನಿಂದ ತಲೆಯೆತ್ತಲಿಲ್ಲ.

"ಖಲಾಸ್. ಬೆಳಗಿನ ವಿಮಾನಕ್ಕೆ ಅವನು ಹೋಗಿ ಆಯ್ತು. ನಿನ್ನನ್ನೂ ಕಳಿಸಿದರೆ ಸೀಟು ಹೊಲಿಯುವುದು ಯಾರು? ಹೋಗು, ಕೆಲಸ ಮಾಡು."

ಹೋಗಿ ಅದೇ ಸೀಟನ್ನು ಹೊಲಿದೆ. ಇನ್ನೂ ಹನ್ನೊಂದು ವರ್ಷ ಅಲ್ಲೇ ದುಡಿದೆ. ಸ್ಪ್ರಿಂಗಿನೊಳಗೆ ಕೈಹಾಕಿ ನೋಡಿ ಎಂದು ಹೊಸಬರಿಗೆಲ್ಲ ಕಲಿಸಿದೆ. ಆದರೆ ಆ ಕೆಲಸ ನನಗೆ ಕಲಿಸಿದ್ದು ಬೇರೆ, ಮಕ್ಕಳೇ. ತಪ್ಪು ಒಪ್ಪಿಕೊಳ್ಳುವುದಕ್ಕೂ ಒಂದು ಹೊತ್ತಿದೆ. ಅದು ಮೀರಿದ ಮೇಲೆ ಒಪ್ಪಿಕೊಂಡರೆ ಅದರಿಂದ ಉಳಿಯಬೇಕಾದವರು ಎದುರಿಗೆ ಇರುವುದಿಲ್ಲ.