ಮುಚ್ಚಂಜಿ ಹೊತ್ತಿನ ಊಟ

ರಬಕವ್ಯಾಗ ಸೀರಿ ನೇಯೋ ನಾನು, ಹೆಂಡ್ತಿನ್ನ ಕರಕೊಂಡು ಅಂಡಮಾನಕ್ಕ ಹೋಗಿದ್ದೆ. ಟಿಕೆಟ್ ಕೊಡೋ ಹೆಣ್ಣಮಗಳು ಎರಡು ಹಡಗಿನ ಫೋಟೋ ತೋರಿಸಿದ್ಲು. ಒಂದರಾಗ ಬರೇ ಚಹಾ, ಇನ್ನೊಂದರಾಗ ಹೊತ್ತು ಮುಳುಗೋವಾಗ ಊಟ. ನಾ ಊಟದ್ದಕ್ಕ ಬೆರಳಿಟ್ಟೆ.

"ಮುಚ್ಚಂಜ್ಯಾಗ ಯಾರರ ಉಣ್ತಾರೇನ್ರಿ?" ಅಂದ್ಲು ಹೆಂಡ್ತಿ. ನಮ್ಮ ಮನ್ಯಾಗ ಸಂಜಿ ದೀಪ ಹಚ್ಚೋತನಕ ಯಾರೂ ತಾಟಿನ ಮುಂದ ಕೂಡಂಗಿಲ್ಲ. ಇದನ್ನ ಹರಕು ಹಿಂದಿಯೊಳಗ ತಿಳಿಸಿ ಹೇಳಿದೆ. ಆ ಹೆಣ್ಣಮಗಳು ನಕ್ಕು, "ನಮ್ಮ ಹಡಗಿನ್ಯಾಗ ದೀಪ ಮುಂಜಾನಿಂದನ ಹಚ್ಚಿರ್ತೇವ್ರಿ" ಅಂದ್ಲು. ಇಷ್ಟು ಸಾಕಾತು ನನಗ.

ಹಡಗು ಮೆಲ್ಲಕ ಹೊಂಟಿತು. ನೀರು ರೇಷ್ಮಿ ಹಾಸಿದಂಗ ಅಲುಗ್ತಿತ್ತು. ಅನ್ನ, ಪಲ್ಯಾದ ತಾಟು ಬಂದ್ವು. ಊಟ ಆರಿ ಹೋಗ್ತದ ಅಂತ ನಾ ತಲಿ ಬಗ್ಗಿಸಿ ಉಂಡೆ. ಹೆಂಡ್ತಿ ತಾಟು ಸರಿಸಿ, ಸೆರಗು ಹೊದ್ದು, ಕನಸಿನ್ಯಾಗ ಇದ್ದಂಗ ಪಡುವಣದ ಕಡೆ ನೋಡ್ಕೋತ ಕುಂತ್ಲು. ನಾ ತಲಿ ಎತ್ತೋದ್ರಾಗ ಕತ್ತಲಾಗಿತ್ತು. ಆಮ್ಯಾಲೆ ಆಕಿ ಆರಿದ ಅನ್ನ ಉಂಡ್ಲು.

ಊರಿಗೆ ಬಂದು, ಹೊಸ ಸೀರಿ ಸೆರಗಿಗೆ ಆ ಸಂಜಿ ಬಣ್ಣ ಹಾಕೋಣ ಅಂದೆ. ಆಕಿ ನೂಲಿನ ರಾಶಿಯೊಳಗಿಂದ ಐದು ಬಣ್ಣ ಆರಿಸಿ ನನ್ನ ಕೈಯಾಗಿಟ್ಲು.

ಸೀರಿ ಛಲೋ ಬಂದೈತಿ. ಅಂಡಮಾನದ ಸಂಜಿ ಹೆಂಗಿತ್ತು ಅಂತ ಯಾರರ ಕೇಳಿದ್ರ ಮಾತ್ರ, ನಾ ಪಲ್ಯಾದ ಸುದ್ದಿ ಹೇಳ್ತೀನಿ.